ಅಡುಗೆಮನೆಗೆ ಕೇಳುವಷ್ಟು

ಜವರಯ್ಯ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಒಳಗಿನಿಂದ ಎರಡನೆಯ ಬಿದಿರು ಎಳೆಯುತ್ತಿದ್ದಾಗ ಕತ್ತಲಲ್ಲಿ ಯಾರೋ ಕೆಮ್ಮಿದರು. ಬಗ್ಗಿ ನೋಡಿದರೆ ಐದು ಜನ ಹುಡುಗಿಯರು ಗೋಡೆಗೆ ಒರಗಿ ಕುಳಿತಿದ್ದರು. ಎಲ್ಲರ ಮಡಿಲಲ್ಲೂ ಪುಸ್ತಕ.

“ಯಾರ್ರವ್ವಾ ನೀವು? ಚಟ್ಟಕ್ಕೆ ಬಿದ್ರು ಎಳೀತಾ ಇವ್ನಿ. ತಲೆ ಮೇಲೆ ಬಿದ್ದಾತು, ಎದ್ದೋಳಿ!”

“ಸಾರ್ ಬೆಳಗ್ಗೆ ಬನ್ನಿ ಅಂದಿದ್ರು ತಾತ,” ಎಂದಳು ಅವರಲ್ಲಿ ದೊಡ್ಡವಳಂತೆ ಕಾಣುತ್ತಿದ್ದ ಸ್ಪಂದನಾ. “ನಾಳೆ ಕೆಮಿಸ್ಟ್ರಿ ಪರೀಕ್ಷೆ. ಇಲ್ಲಿಗೆ ಬಂದ್ಮೇಲೇ ಗೊತ್ತಾಗಿದ್ದು.”

ಜವರಯ್ಯ ಬಿದಿರನ್ನು ಹೆಗಲಿಗೇರಿಸಿ ಹೊರಗೆ ಹೋದ. ಶಿವಶಂಕರ್ ಮೇಷ್ಟ್ರು ಅವನ ಒಡಹುಟ್ಟಿದ ತಮ್ಮ. ರಾತ್ರಿ ಉಂಡು ಕೈ ತೊಳೆದವರು ಎದೆ ಹಿಡಿದುಕೊಂಡು ಜಗಲಿಯಲ್ಲೇ ಕುಸಿದಿದ್ದರು. ಹುಣಸೂರಿನ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಈಗ ಅಂಗಳದ ಚಪ್ಪರದಡಿ ಮಲಗಿಸಿದ್ದರು. ಕೋಟೆಯ ಗಂಡನ ಮನೆಯಿಂದ ತಂಗಿ ಬಂದು ಮುಖ ನೋಡುವವರೆಗೆ ಎತ್ತುವಂತಿರಲಿಲ್ಲ.

ಬ್ಯಾರನ್ನಿನ ಬಾಗಿಲ ಪಕ್ಕದಲ್ಲಿ ನಿಂತಿದ್ದ ಮೀನಾ ಎಲ್ಲವನ್ನೂ ಕೇಳಿಸಿಕೊಂಡಳು. ಮೇಷ್ಟ್ರ ಹಳೆಯ ಶಿಷ್ಯೆ. ಬಿಎಸ್ಸಿ ಮುಗಿಸಿ ಗಾವಡಗೆರೆಯ ಮನೆಯಲ್ಲಿದ್ದವಳು ಸುದ್ದಿ ತಿಳಿದು ಮೊದಲ ಬಸ್ಸಿಗೆ ಬಂದಿದ್ದಳು. ಹಾರ ಹಾಕಿ ಕೈ ಮುಗಿದದ್ದೇ, ಹತ್ತು ಜನ ಮಾತಾಡಿಸುತ್ತಾರೆಂದು ಹೆದರಿ ಈ ಮೂಲೆ ಹಿಡಿದಿದ್ದಳು.

ಅಂಗಳದಲ್ಲಿ ಪಕ್ಕದ ಮನೆಯ ಚಿಕ್ಕಬೀರಮ್ಮ ಮೂಗೊರೆಸಿಕೊಳ್ಳುತ್ತ ಹೇಳುತ್ತಿದ್ದಳು: “ನನ್ ಮಗ ಮೂರ್ ಸಲಿ ಡುಮ್ಕಿ ಹೊಡ್ದಿದ್ದ ಕಣ್ರವ್ವಾ. ಮೇಷ್ಟ್ರು ಗೊಬ್ಬರದ ಚೀಲ ಮುಂದಿಟ್ಕಂಡು ಪಾಠ ಮಾಡಿ ಪಾಸ್ ಮಾಡುಸ್ಬುಟ್ರು. ಈಗ ನೋಡು, ಗೊಬ್ಬರದಂಗ್ಡೀನೇ ಮಡಗವ್ನೆ!” ಅಳುತ್ತಿದ್ದವರಲ್ಲಿ ಇಬ್ಬರು ನಕ್ಕು, ಸೆರಗು ಬಾಯಿಗೆ ಒತ್ತಿಕೊಂಡರು.

ಮೇಷ್ಟ್ರ ಹೆಂಡತಿ ಸೋಮಮ್ಮ ಮಾತ್ರ ನಗಲಿಲ್ಲ, ಅಳಲೂ ಇಲ್ಲ. ರಾತ್ರಿಯಿಂದ ಗಂಡನ ತಲೆಯ ಹತ್ತಿರ ಕುಳಿತವಳು ಒಂದು ಮಾತೂ ಆಡಿರಲಿಲ್ಲ.

ಮೀನಾ ಬ್ಯಾರನ್ನಿನ ಒಳಗೆ ಇಣುಕಿದಳು. ಕಪ್ಪು ಬಣ್ಣ ಬಳಿದ ಅದೇ ಗೋಡೆ. ಅದರ ಮೇಲೆ ಸೀಮೆಸುಣ್ಣದಲ್ಲಿ ನಿನ್ನೆಯ ಅಮೋನಿಯಂ: ನಡುವೆ ನೈಟ್ರೋಜನ್, ಸುತ್ತ ನಾಲ್ಕು ಹೈಡ್ರೋಜನ್, ಬ್ರಾಕೆಟ್ಟು, ಹೊರಗೆ ಮೇಲ್ಗಡೆ ಪ್ಲಸ್ಸು. ಕೆಳಗೆ ಮೇಷ್ಟ್ರ ಅಕ್ಷರ: ‘ಸಲ್ಫೇಟ್ – ನಾಳೆ’. ಪಕ್ಕದಲ್ಲಿ ಅಮೋನಿಯಂ ಸಲ್ಫೇಟಿನ ಚೀಲ.

*

ಸೊಪ್ಪು ಬೇಯಿಸುವ ಕಾಲ ಮುಗಿದರೆ ಬ್ಯಾರನ್ನೇ ಮೇಷ್ಟ್ರ ಟ್ಯೂಷನ್ ಕೋಣೆ. ಮೀನಾ ಪಿಯುಸಿಯಲ್ಲಿದ್ದಾಗ ಇಲ್ಲೇ ಕುಳಿತು ಕಲಿತಿದ್ದಳು. ಮೇಷ್ಟ್ರದೊಂದು ಚಾಳಿಯಿತ್ತು. ಅಯಾನಿನ ಚಿತ್ರವನ್ನೆಲ್ಲ ಬರೆದು, ಬ್ರಾಕೆಟ್ಟು ಮತ್ತು ಚಾರ್ಜು ಹಾಕದೆ ಬಿಟ್ಟು, ಕೈಯ ಸುಣ್ಣವನ್ನು ಪ್ಯಾಂಟಿಗೆ ಒರೆಸಿಕೊಂಡು ನಿಂತುಬಿಡುತ್ತಿದ್ದರು. ಮಕ್ಕಳು “ಬ್ರಾಕೆಟ್ ಸಾರ್!” ಎಂದು ಒಟ್ಟಿಗೆ ಕೂಗಬೇಕು. ಆ ಕೂಗು ಕೇಳಿದರೆ ಪಾಠ ಮುಗಿಯಿತೆಂದು ಸೋಮಮ್ಮನಿಗೆ ಲೆಕ್ಕ. ಟೀ ಪಾತ್ರೆ ಒಲೆಗೇರುತ್ತಿತ್ತು.

ಒಂದು ದಿನ ಮೇಷ್ಟ್ರು ಮೀನಾ ಒಬ್ಬಳಿಗೇ ಕೂಗಲು ಹೇಳಿದರು. ಅವಳ ತುಟಿ ಅಲ್ಲಾಡಿತು.

“ಕೇಳಿಸ್ಲಿಲ್ಲ. ಅಡುಗೆಮನೆವರೆಗೂ ಕೇಳಬೇಕು ಕಣಮ್ಮ. ಇಲ್ದಿದ್ರೆ ಇವತ್ತು ಯಾರಿಗೂ ಟೀ ಇಲ್ಲ.”

ಎಲ್ಲರೂ ನಕ್ಕರು. ಮೀನಾಳ ಕಣ್ಣು ತುಂಬಿತು. ಮೇಷ್ಟ್ರು ಸೀಮೆಸುಣ್ಣ ಅವಳ ಕೈಗೆ ಕೊಟ್ಟರು. ಅವಳು ಎದ್ದು ಹೋಗಿ ಬ್ರಾಕೆಟ್ಟು ಹಾಕಿ ಬಂದು ಕುಳಿತಳು. “ಸರಿ, ಇವತ್ತಿಗೆ ಇಷ್ಟು. ಇನ್ನೊಂದ್ ದಿನ ಕೂಗುವಿಯಂತೆ,” ಅಂದರು. ಆ ಇನ್ನೊಂದು ದಿನ ಬರಲೇ ಇಲ್ಲ.

*

“ಎದ್ದೋಗ್ರವ್ವಾ ಮನೆಗೆ,” ಜವರಯ್ಯ ಮತ್ತೆ ಒಳಗೆ ಬಂದ.

ಸ್ಪಂದನಾ ಪುಸ್ತಕ ಮುಚ್ಚಿದಳು. “ಈ ಸಲ ಫೇಲಾದ್ರೆ ಓದಿದ್ದು ಸಾಕು ಅಂತ ಅಪ್ಪ ಹೇಳ್ಬಿಟ್ಟವ್ರೆ,” ಅಂದದ್ದು ಪಕ್ಕದವಳಿಗೆ. ಕೇಳಿಸಿದ್ದು ಮೀನಾಳಿಗೆ.

“ಕೂತ್ಕೊಳ್ಳಿ,” ಎನ್ನುತ್ತ ಮೀನಾ ಒಳಗೆ ಬಂದಳು.

ತನ್ನ ದನಿ ತನಗೇ ಹೊಸದಾಗಿತ್ತು. ಜವರಯ್ಯ ತಿರುಗಿದ.

“ಹೆಣ ಅಂಗಳದಲ್ಲಿ ಮಡಿಕ್ಕಂಡು ಪಾಠವೇನವ್ವಾ? ನೋಡ್ದೋರು ಏನಂದಾರು?”

“ಸಾರ್ ತಂಗಿ ಕೋಟೆಯಿಂದ ಬರೋವರೆಗೂ ಹೇಗೂ ಕಾಯ್ಬೇಕಲ್ಲ ದೊಡ್ಡಪ್ಪ. ಸಾರ್ ನಾಳೆ ಅಂತ ಬರೆದವ್ರೆ. ಅವರ ನಾಳೆ ಇವತ್ತು.”

ಜವರಯ್ಯ ತಲೆ ಕೊಡವಿ, ಇನ್ನೊಂದು ಬಿದಿರು ಎತ್ತಿಕೊಂಡು ಹೊರಗೆ ಹೋದ. ಮೀನಾಳ ಕೈಯಿಂದ ಸೀಮೆಸುಣ್ಣ ಒಮ್ಮೆ ಬಿತ್ತು. ಎತ್ತಿಕೊಂಡು ಗೋಡೆಯ ನಡುವೆ ಸಲ್ಫರ್ ಬರೆದಳು, ಸುತ್ತ ನಾಲ್ಕು ಆಕ್ಸಿಜನ್.

“ಸಲ್ಫರಿಗೆ ಹೊರಸುತ್ತಿನ ಎಲೆಕ್ಟ್ರಾನ್ ಆರು. ಆಕ್ಸಿಜನ್‌ಗೂ ತಲಾ ಆರು. ಎಷ್ಟಾಯ್ತು?”

“ಮೂವತ್ತು.”

“ಚಾರ್ಜು?”

“ಎರಡು ಮೈನಸ್. ಎರಡು ಕಳೆದ್ರೆ ಇಪ್ಪತ್ತೆಂಟು,” ಎಂದಳು ಸ್ಪಂದನಾ.

“ಇಲ್ಲೇ ಎಲ್ರೂ ಬೀಳೋದು. ನಾನೂ ಬಿದ್ದಿದ್ದೆ. ಎಲೆಕ್ಟ್ರಾನೇ ಮೈನಸ್ಸು ಕಣೆ. ಎರಡು ಮೈನಸ್ ಅಂದ್ರೆ ಹೊರಗಿಂದ ಎರಡು ಬಂದು ಸೇರ್ಕೊಂಡವೆ. ಕಳೀಬಾರ್ದು, ಕೂಡ್ಬೇಕು.”

“ಮೂವತ್ತೆರಡು!”

ನಾಲ್ಕು ಗೆರೆಗೆ ಎಂಟು ಹೋಯಿತು. ಮಿಕ್ಕಿದ್ದನ್ನು ಒಂದೊಂದು ಆಕ್ಸಿಜನ್ನಿನ ಸುತ್ತ ಆರಾರು ಚುಕ್ಕಿಯಾಗಿ ಇಟ್ಟಳು. ಕೊನೆಯ ಚುಕ್ಕಿ ಇಟ್ಟು, ಸುಣ್ಣದ ಕೈಯನ್ನು ಚೂಡಿದಾರಕ್ಕೆ ಒರೆಸಿಕೊಂಡು, ಹುಡುಗಿಯರ ಕಡೆ ತಿರುಗಿ ನಿಂತಳು.

ಐವರಿಗೂ ಅರ್ಥವಾಯಿತು. ಆದರೆ ಅವರ ಕಣ್ಣು ಹೊರಗೆ ಹೋಯಿತು. ತೆರೆದ ಬಾಗಿಲಾಚೆ ಚಪ್ಪರ ಕಾಣುತ್ತಿತ್ತು, ಬಿಳಿ ಬಟ್ಟೆ ಹೊದ್ದ ಕಾಲುಗಳು ಕಾಣುತ್ತಿದ್ದವು.

“ಬ್ರಾಕೆಟ್,” ಸ್ಪಂದನಾ ಪಿಸುಗುಟ್ಟಿದಳು.

“ಕೇಳಿಸ್ಲಿಲ್ಲ,” ಎಂದಳು ಮೀನಾ. “ಅಡುಗೆಮನೆವರೆಗೂ ಕೇಳಬೇಕು.”

ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೀನಾಳೇ ಉಸಿರೆಳೆದುಕೊಂಡಳು. ಕೂಗು ಮೊದಲು ಅವಳ ಗಂಟಲಿನಿಂದ ಬಂತು. ಐದು ದನಿ ಅದರ ಬೆನ್ನಿಗೇ ಸೇರಿಕೊಂಡವು.

“ಬ್ರಾಕೆಟ್ ಸಾರ್!”

ಅಂಗಳದಲ್ಲಿ ಅಳು ನಿಂತಿತು. ಚಟ್ಟಕ್ಕೆ ಹಗ್ಗ ಬಿಗಿಯುತ್ತಿದ್ದ ಜವರಯ್ಯ ಹಾಗೇ ತಲೆಯೆತ್ತಿದ.

ಸೋಮಮ್ಮ ಎದ್ದಳು. ರಾತ್ರಿಯಿಂದ ಕುಳಿತ ಕಾಲು ಜೋಮು ಹಿಡಿದಿರಬೇಕು, ಚಪ್ಪರದ ಗಳು ಹಿಡಿದುಕೊಂಡು ನಿಂತು, ಆಮೇಲೆ ಒಳಗೆ ಹೋದಳು. ಹೊರಗೆ ಬಂದಾಗ ಕೈಯಲ್ಲಿ ಮಸಿ ಹಿಡಿದ ದೊಡ್ಡ ಟೀ ಪಾತ್ರೆ ಇತ್ತು.

“ಅಯ್ಯೋ ಸೋಮಕ್ಕ, ಎಲ್ಗೆ? ಮಣ್ಣಾಗೋಗಂಟ ಒಲೆ ಹಚ್ಚಂಗಿಲ್ಲ ಕಣಕ್ಕ,” ಚಿಕ್ಕಬೀರಮ್ಮ ಅಡ್ಡ ಬಂದಳು.

“ನನ್ ಮನೇದು ಹಚ್ಚಂಗಿಲ್ಲ. ನಿನ್ ಮನೇದು ಹಚ್ಚು,” ಎಂದಳು ಸೋಮಮ್ಮ. “ಬೆಲ್ಲ ಒಸಿ ಜಾಸ್ತೀನೇ ಹಾಕು. ಹುಡ್ಗೀರು ಬೆಳಗ್ಗೆಯಿಂದ ಖಾಲಿ ಹೊಟ್ಟೇಲವ್ರೆ.”

ಜನ ಎರಡು ಕಡೆ ಸರಿದು ದಾರಿ ಬಿಟ್ಟರು. ಗಂಡನ ಕಾಲ ಬಳಿ ಅವಳು ಒಂದು ಗಳಿಗೆ ನಿಂತಳು. ಪಾತ್ರೆಯನ್ನು ಸೊಂಟಕ್ಕೆ ಬದಲಿಸಿಕೊಂಡಳು. ಬ್ಯಾರನ್ನಿನ ಕಡೆ ಒಮ್ಮೆ ನೋಡಿ, ಪಕ್ಕದ ಮನೆಯ ಮೆಟ್ಟಿಲು ಹತ್ತಿದಳು.