ಕಿಟಕಿಯ ಕೆಳಗಿನ ಜಾಗ

ಅಮೃತಮ್ಮ ಒದ್ದೆ ಬಟ್ಟೆಯಿಂದ ಕಿಟಕಿಯ ಕೆಳಗಿನ ನೆಲ ಒರೆಸುತ್ತಿದ್ದಳು. ಮಗಳು ಉಮಾಶ್ರೀ ಬಾಗಿಲ ಬಳಿ ಮೊಣಕಾಲ ಮೇಲೆ ಪುಸ್ತಕ ಇಟ್ಟುಕೊಂಡು ಕೂತಿದ್ದಳು. ಇರುವುದು ಒಂದೇ ಕೋಣೆ. ಒಲೆ, ಪಾತ್ರೆ, ಟ್ರಂಕು, ಇಬ್ಬರ ಹಾಸಿಗೆ ಎಲ್ಲವೂ ಒಂದೇ ಕಡೆ ಒತ್ತಿಕೊಂಡಿದ್ದವು. ಕಿಟಕಿಯ ಕೆಳಗೆ ಮಾತ್ರ ಒಬ್ಬ ಮನುಷ್ಯ ಮಲಗುವಷ್ಟು ಜಾಗ ಖಾಲಿಯಿತ್ತು.

ಅದು ಅಮೃತಮ್ಮನ ಗಂಡ ಮಾನಪ್ಪನ ಜಾಗ. ಲಿಂಗಸುಗೂರು ಕಡೆಯಿಂದ ಬಂದು ಮರ್ಫಿ ಟೌನಿನಲ್ಲಿ ನೆಲೆನಿಂತ ಅವನು ಮನೆಗಳಿಗೆ ಟೈಲ್ಸ್ ಹಾಕುತ್ತಿದ್ದ. ಕೆಲಸದಲ್ಲಿ ಉಳಿದ ತುಂಡುಗಳನ್ನು ತಂದು ಆ ಮೂಲೆಗೆ ತಾನೇ ಹಾಸಿದ್ದ. ಒಂದು ನೀಲಿ, ಒಂದು ಬಿಳಿ, ಒಂದರ ಮೇಲೆ ಅರ್ಧ ಹೂವು. ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಅವನು ಅಲ್ಲಿಂದ ಏಳಲೇ ಇಲ್ಲ. ಊರಿಗೆ ಒಯ್ದು ಮಣ್ಣು ಮಾಡಿ ಬಂದರು.

ಜೀವ ಹೋದ ಜಾಗದಲ್ಲಿ ದೀಪ ಹಚ್ಚಿ ತಂಬಿಗೆಯಲ್ಲಿ ನೀರಿಡುವುದು ಅವರ ಕಡೆಯ ಪದ್ಧತಿ. ಹೋದವರಿಗೆ ದಾರಿಯಲ್ಲಿ ಬಾಯಾರುತ್ತದೆ ಎನ್ನುತ್ತಾರೆ. ಹನ್ನೊಂದು ದಿನ ಇಟ್ಟರೆ ಸಾಕು ಎಂದು ಊರಿನ ಸ್ವಾಮಿಗಳು ಹೇಳಿದ್ದರು. ಯುಗಾದಿ ದಾಟಿದರೂ ಅಮೃತಮ್ಮ ಬಿಟ್ಟಿರಲಿಲ್ಲ. ದಿನವೂ ನೀರು ಬದಲಿಸುವ ಮೊದಲು ಶಿವನ ಹೆಸರು ಹೇಳಿ ತಂಬಿಗೆಯೊಳಗೆ ಬಗ್ಗಿ ನೋಡುತ್ತಿದ್ದಳು. ನೀರು ಇಟ್ಟಷ್ಟೇ ಇರುತ್ತಿತ್ತು.

ಮನೆ ಮಾಲೀಕ ಮುನಿಶಾಮಿ ಕೆಟ್ಟವನಲ್ಲ. ಓದಲು ಬಂದ ಮಕ್ಕಳಿಗೆಂದು ಸುತ್ತಲೂ ಮಹಡಿಯ ಮೇಲೆ ಮಹಡಿ ಎದ್ದು ಪಿ.ಜಿ.ಗಳಾದವು, ಬೀದಿಯೆಲ್ಲ ಬಾಡಿಗೆ ಏರಿಸಿತು, ಅವನೂ ಏರಿಸಿದ. ತನ್ನ ಚಪ್ಪಲಿಯನ್ನೇ ನೋಡುತ್ತ ಆ ಮಾತು ಹೇಳಿದ್ದ. ಪಕ್ಕದಲ್ಲೇ ನಿಂತಿದ್ದ ಹೆಂಡತಿ ಗೋವಿಂದಮ್ಮ, "ಕೂತ್ರೆ ಒಂದು ರೇಟು, ಮಲಗಿದ್ರೆ ಒಂದು ರೇಟು ಅಂತ ಬೋರ್ಡ್ ಹಾಕ್ಬಿಡ್ರಿ," ಎಂದು ಅವನನ್ನು ಚುಚ್ಚಿದ್ದಳು.

ಅಮೃತಮ್ಮ ಇಂದಿರಾನಗರದಲ್ಲಿ ಅಡುಗೆ ಕೆಲಸ ಮಾಡಿ ತರುವುದು ಆ ಬಾಡಿಗೆಗೆ ಸಾಲುತ್ತಿರಲಿಲ್ಲ. ಕೆ.ಆರ್. ಪುರದ ಆಚೆಗೆ ಹೋದರೆ ಅವಳ ಕೆಲಸವೂ ದೂರ, ಮಗಳ ಕಾಲೇಜೂ ದೂರ. ಓದು ಬಿಟ್ಟು ಗರುಡಾಚಾರ್‌ಪಾಳ್ಯದ ಯಾವುದಾದರೂ ಫ್ಯಾಕ್ಟರಿಗೆ ಸೇರುತ್ತೇನೆ ಎಂದು ಉಮಾಶ್ರೀ ಹೊರಟೇಬಿಟ್ಟಿದ್ದಳು. ಉಳಿದ ದಾರಿ ಒಂದೇ. ಅವಳ ತರಗತಿಯ ಹಂಸ ಯಾದಗಿರಿ ಕಡೆಯ ಹುಡುಗಿ. ಪಿ.ಜಿ.ಯ ಖರ್ಚು ತಡೆಯಲಾರದೆ ರಜೆಗೆ ಊರಿಗೆ ಹೋದವಳು ವಾಪಸು ಬರುವುದೇ ಅನುಮಾನವಾಗಿತ್ತು. ಅವಳು ಇಲ್ಲಿಗೆ ಬಂದು ಇದ್ದರೆ ಬಾಡಿಗೆ ಹಂಚಿಹೋಗುತ್ತದೆ, ಇಬ್ಬರ ಓದೂ ಉಳಿಯುತ್ತದೆ. ಬಹಳ ಯೋಚಿಸಿ ಅಮೃತಮ್ಮ ಹೂಂ ಎಂದಿದ್ದಳು. ಇಂದು ಭಾನುವಾರ, ಹಂಸ ಬರುವವಳಿದ್ದಳು.

"ಯವ್ವಾ, ಒಲೀ ಕಡೆ ಮೂರು ಮಂದಿ ಹ್ಯಾಂಗ ಮಕ್ಕೋಬೇಕು?" ಉಮಾಶ್ರೀ ಮೆಲ್ಲಗೆ ಕೇಳಿದಳು.

"ಹ್ಯಾಂಗರ ಆಕ್ಕೈತಿ. ನಿಮ್ಮಪ್ಪನ ಜಾಗದಾಗ ಯಾರೂ ಬ್ಯಾಡ. ಬಂದ ಕೂಡ್ಲೆ ಆಕಿಗೆ ಹೇಳಿಬಿಡು. ಒಪ್ಪಿದ್ರ ಇರ್ಲಿ, ಇಲ್ಲಂದ್ರ ಹೋಗ್ಲಿ."

ದೀಪ ಹಚ್ಚಿ, ಹೊಸ ನೀರಿಟ್ಟು ಅವಳು ಕೆಲಸಕ್ಕೆ ಹೋದಳು.

ಮಧ್ಯಾಹ್ನ ಕೆಲಸ ಮುಗಿಸಿ ನಡೆದು ಬಂದಾಗ ಬಾಗಿಲಲ್ಲಿ ಹೊಸ ಚಪ್ಪಲಿಗಳಿದ್ದವು. ಒಳಗೆ ಹುಡುಗಿಯೊಬ್ಬಳು ಕಿಟಕಿಯ ಕೆಳಗೆ, ಚೀಲವನ್ನೇ ತಲೆದಿಂಬು ಮಾಡಿಕೊಂಡು ಮಲಗಿದ್ದಳು. ದೀಪ ಗೋಡೆಯ ಬದಿಗೆ ಇನ್ನೂ ಉರಿಯುತ್ತಿತ್ತು. ತಂಬಿಗೆಯಲ್ಲಿ ನೀರಿರಲಿಲ್ಲ.

ಅಮೃತಮ್ಮ ನಿಂತಲ್ಲೇ ನಿಂತಳು. ಹಿಂದೆಯೇ ಕೊಡ ಹೊತ್ತು ಮೆಟ್ಟಿಲು ಹತ್ತಿ ಬಂದ ಉಮಾಶ್ರೀ ಒಳಗೆ ನೋಡಿ ಬಿಳಿಚಿಕೊಂಡಳು. ಹಂಸ ಬಂದ ಹೊತ್ತಿಗೇ ಕೆಳಗಿನ ನಲ್ಲಿಯಲ್ಲಿ ನೀರು ಬಂದಿತ್ತು. ಅವಳನ್ನು ಕೂರಿಸಿ ಕೊಡ ತೆಗೆದುಕೊಂಡು ಓಡಿದ್ದಳು, ಹೇಳಬೇಕಾದದ್ದನ್ನು ಹೇಳಿರಲಿಲ್ಲ.

ಕೊಡ ಇಳಿಸಿದ ಸದ್ದಿಗೆ ಹಂಸ ಎದ್ದು ಕೂತಳು. ಕಣ್ಣುಜ್ಜಿಕೊಂಡು ಅಮೃತಮ್ಮನ ಕಾಲಿಗೆ ನಮಸ್ಕರಿಸಿದಳು.

"ಅಮ್ಮಾ, ಕೇಳದನ ನೀರು ಕುಡದುಬಿಟ್ಟೆ. ನಮ್ಮನ್ಯಾಗೂ ಊರಿಂದ ಬರೋರಿಗಿ ಹಿಂಗ ತಂಬಿಗಿ ತುಂಬಿಸಿ ಇಡ್ತಾರ. ದೀಪ ಹಚ್ಚಿ, ನೆಲ ಒರಸಿ ಇಟ್ಟಿದ್ರಿ. ನನಗಂತ ಇಷ್ಟು ಯಾರೂ ಮಾಡಿರ್ಲಿಲ್ಲ ಈ ಊರಾಗ."

"ಯವ್ವಾ, ನಾ ಇನ್ನಾ ಆಕಿಗೆ..." ಎಂದು ಉಮಾಶ್ರೀ ಬಾಯಿ ತೆರೆದಳು. ತಾಯಿ ಅವಳತ್ತ ನೋಡಲಿಲ್ಲ. ಖಾಲಿ ತಂಬಿಗೆಯನ್ನೆತ್ತಿ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

"ಭಾಳ ನೀರಡಿಸಿತ್ತೇನು?" ಎಂದಳು.

"ಭಾಳ, ಅಮ್ಮಾ. ದಾರ್ಯಾಗ ಬಸ್ಸು ಎಲ್ಲೂ ನಿಲ್ಲಸ್ಲಿಲ್ಲ."

ಅಮೃತಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಹಂಸ ಏನು ತಪ್ಪಾಯಿತೋ ಎಂದು ಗೆಳತಿಯ ಮುಖ ನೋಡಿದಳು.

"ಅಲ್ಲೇ ಮಕ್ಕೋ," ಎಂದಳು ಅಮೃತಮ್ಮ. "ದಣದು ಬಂದೀದಿ. ಗಾಳಿ ಬರ್ತೈತಿ ಅಲ್ಲಿ."

ಹುಡುಗಿ ಬೇಡವೆನ್ನುತ್ತಲೇ ಒರಗಿದಳು, ಒರಗಿದಂತೆಯೇ ನಿದ್ದೆ ಹೋದಳು. ಅಮೃತಮ್ಮ ಒಲೆಯ ಮುಂದೆ ಕೂತು ಮೂವರಿಗಾಗುವಷ್ಟು ಜೋಳದ ಹಿಟ್ಟು ನಾದಿದಳು. ದಿನವೂ ಅವಳು ರೊಟ್ಟಿ ಬಡಿಯುವ ಸದ್ದು ಕೆಳಗಿನ ಮನೆಯವರೆಗೆ ಕೇಳುತ್ತಿತ್ತು. ಇಂದು ಹಲಗೆಯನ್ನು ಬದಿಗಿಟ್ಟು, ಹಿಟ್ಟಿನ ಉಂಡೆಯನ್ನು ಎರಡು ಅಂಗೈಗಳ ನಡುವೆ ಹಿಡಿದು, ಸಪ್ಪಳವಾಗದಂತೆ ಮೆಲ್ಲಗೆ ತಟ್ಟತೊಡಗಿದಳು.