ಏಳು ನೀರು ಬದಲಿಸಿದ ಕೂವೆ

ಅಮ್ಮ ತೃಷಾಳಿಗೆ ಕೈತುತ್ತು ಕೊಡುವುದನ್ನು ನಿಲ್ಲಿಸಿ ನಾಲ್ಕು ತಿಂಗಳಾಗಿತ್ತು.

ತೃಷಾ ಅಣ್ಣ ವಸಂತನ ಮಗಳು. ಅವಳಿಗೆ ನಾಲ್ಕು ವರ್ಷ. ಪ್ರೋಟೀನು ಅಂದರೆ ಇಪ್ಪತ್ತು ಬಗೆಯ ಅಮೈನೋ ಆಮ್ಲಗಳನ್ನು ಪೋಣಿಸಿದ ಸರ. ಅವುಗಳಲ್ಲಿ ಒಂದನ್ನು ಮಾತ್ರ ಈ ಮಗುವಿನ ದೇಹಕ್ಕೆ ಒಡೆಯಲು ಬರುವುದಿಲ್ಲ. ಅದು ರಕ್ತದಲ್ಲೇ ಉಳಿದು ಹೆಚ್ಚುತ್ತಾ ಹೋದರೆ ಮಿದುಳಿಗೆ ಅಪಾಯ. ಆದ್ದರಿಂದ ಅವಳ ಅನ್ನ, ತರಕಾರಿ ಎಲ್ಲ ಗ್ರಾಂ ಲೆಕ್ಕದಲ್ಲಿ. ಉಳಿದ ಪೋಷಣೆಗೆ ಆಸ್ಪತ್ರೆಯವರು ಹೇಳಿದ ಒಂದು ಹುಡಿಯನ್ನು ನೀರಲ್ಲಿ ಕಲಸಿ ಕುಡಿಸುತ್ತೇವೆ.

ಇದನ್ನು ಅಮ್ಮನಿಗೆ ತಿಳಿಸಿ ಹೇಳುವ ಕೆಲಸ ನನ್ನದಾಗಿತ್ತು. ನಾನು ಓದಿದ್ದು ಜೀವರಸಾಯನ, ಮೂಡುಬಿದಿರೆಯ ಕಾಲೇಜೊಂದರಲ್ಲಿ ಕಲಿಸುವುದೂ ಅದನ್ನೇ. ಅಮ್ಮನಿಗೆ ಸುಲಭವಾಗಲಿ ಎಂದು, "ಮೀನು, ಮೊಟ್ಟೆ, ಹಾಲು, ಬೇಳೆ ಮುಟ್ಟಿಸಬೇಡ. ಅನ್ನವನ್ನು ಅತ್ತಿಗೆ ತೂಗಿ ಇಟ್ಟು ಹೋಗ್ತಾರೆ," ಎಂದಷ್ಟೇ ಹೇಳಿ ಮುಗಿಸಿದ್ದೆ.

ಅಮ್ಮ ಅದನ್ನು ಚಾಚೂ ತಪ್ಪದೆ ಪಾಲಿಸಿದಳು. ಆದರೆ ಸಂಜೆ ಮಗು ಹಸಿವೆಂದು ಸೆರಗು ಹಿಡಿದಾಗ ಒಂದು ಬಟ್ಟಲು ಕುಚಲಕ್ಕಿ ಗಂಜಿ ಕೊಡುತ್ತಿದ್ದಳು. ನಮ್ಮ ಶಿರ್ತಾಡಿಯಲ್ಲಿ ಗಂಜಿಗೆ ಹೆದರುವವರು ಯಾರಿದ್ದಾರೆ? ಜ್ವರ ಬಂದರೂ ಗಂಜಿ, ಹೊಟ್ಟೆ ಕೆಟ್ಟರೂ ಗಂಜಿ. ಸೆಪ್ಟೆಂಬರಿನಲ್ಲಿ ರಕ್ತಪರೀಕ್ಷೆಯ ಅಂಕಿ ಒಮ್ಮೆಲೇ ಎರಡು ಪಟ್ಟಾಯಿತು. ಮಂಗಳೂರಿನ ಡಾಕ್ಟರು ಒಬ್ಬೊಬ್ಬರ ಮುಖವನ್ನೇ ನೋಡಿದರು. ಅಮ್ಮ ತಾನಾಗಿಯೇ ಹೇಳಿದಳು: "ನಾನು ಗಂಜಿ ಕೊಟ್ಟಿದ್ದೇನೆ. ಅದರಲ್ಲಿ ಎಂತ ಉಂಟು, ನೀರಲ್ಲವಾ ಅಂತ."

"ನಿನ್ನ ಪ್ರೀತಿಯಿಂದಲೇ ಅವಳು ಹಾಳಾಗುವುದು," ಎಂದ ಅಣ್ಣ.

ನಾನು ಸುಮ್ಮನಿದ್ದೆ. ಅಕ್ಕಿಯಲ್ಲೂ ನೂರಕ್ಕೆ ಏಳರಷ್ಟು ಪ್ರೋಟೀನು ಇದೆ ಎಂದು ಕಾಲೇಜಿನ ಮಕ್ಕಳಿಗೆ ಮೊದಲ ವಾರದಲ್ಲೇ ಹೇಳುವವಳು ನಾನು. ಅಮ್ಮನಿಗೆ ಹೇಳಿರಲಿಲ್ಲ.

ಅಂಕಿ ಮತ್ತೆ ಇಳಿಯಿತು. ಅಮ್ಮನ ಕೈ ಮಾತ್ರ ಮಗುವಿನ ಬಟ್ಟಲಿನ ಹತ್ತಿರ ಬರಲಿಲ್ಲ. "ಅಜ್ಜಿ, ನೀವು ಬಾಯಿಗೆ ಹಾಕಿ," ಎಂದು ತೃಷಾ ಹಟ ಮಾಡಿದರೆ, "ಮಾಮಿ ಹತ್ರ ಹೋಗು ಮಗಾ," ಎಂದು ನನ್ನನ್ನು ತೋರಿಸಿ ಪಾತ್ರೆ ತಿಕ್ಕಲು ಹೋಗುತ್ತಿದ್ದಳು. ತಿಕ್ಕಿದ ಪಾತ್ರೆಗಳನ್ನೇ ಮತ್ತೆ ತಿಕ್ಕುತ್ತಿದ್ದಳು. ಆ ಸದ್ದನ್ನು ಕೇಳುತ್ತಾ ನಾನು ಮಗುವಿಗೆ ತುತ್ತು ಕೊಡುತ್ತಿದ್ದೆ.

ಜನವರಿಯ ಒಂದು ಶನಿವಾರ ಮಧ್ಯಾಹ್ನ ಬಸ್ಸಿಳಿದು ಬಂದರೆ ಅಮ್ಮ ಬಾವಿಕಟ್ಟೆಯ ಬಳಿ ಕುಕ್ಕುರುಗಾಲಿನಲ್ಲಿ ಕುಳಿತಿದ್ದಳು. ಎದುರಿಗೆ ದೊಡ್ಡ ಚರಿಗೆಯ ತುಂಬ ಕಂದು ನೀರು. ಎಲೆ ಒಣಗಿದ ಕೂವೆ ಗಿಡಗಳನ್ನು ಅಗೆದು, ಗಡ್ಡೆಗಳನ್ನು ಅರೆದು, ತೆಳು ಬಟ್ಟೆಯಲ್ಲಿ ಹಿಂಡಿ ಎರಡು ದಿನವಾಗಿತ್ತಂತೆ.

"ಇದು ಎಷ್ಟನೇ ನೀರು?"

"ಮೂರು. ಏಳು ಆಗ್ಬೇಕು." ಮೇಲಿನ ಕಂದು ನೀರನ್ನು ಅವಳು ಮೆಲ್ಲನೆ ಬಗ್ಗಿಸಿದಳು. ತಳದಲ್ಲಿ ಬಿಳಿ ಗಟ್ಟಿ ಅಲುಗದೆ ನಿಂತಿತ್ತು. "ನೀರಿನೊಟ್ಟಿಗೆ ಹೋಗುವುದು ಎಂತ? ನಿನ್ನ ಪುಸ್ತಕದಲ್ಲಿ ಉಂಟಾ?"

ನಾನು ಅವಳ ಪಕ್ಕದಲ್ಲಿ ಕುಳಿತೆ. "ಕಹಿ ಹೋಗ್ತದೆ, ಸಕ್ಕರೆ ಹೋಗ್ತದೆ. ಪ್ರೋಟೀನೂ ಹೆಚ್ಚಿನದ್ದು ಹೋಗ್ತದೆ. ಪಿಷ್ಟ ತಣ್ಣೀರಲ್ಲಿ ಕರಗುವುದಿಲ್ಲ. ಅದು ಅಡಿಯಲ್ಲಿ ಕೂರ್ತದೆ."

"ಪಿಷ್ಟದಲ್ಲಿ ಆ ಹಾಳಾದ್ದು ಇಲ್ವಾ?"

"ಇಲ್ಲ. ಅದು ಬೇರೆಯೇ ಸರ. ಬರೀ ಸಕ್ಕರೆಯ ಮಣಿಗಳು."

ಅಮ್ಮ ಹೊಸ ನೀರು ಸುರಿದು ಕೈಯಾಡಿಸಿದಳು. ಕೈ ಮೊಣಕೈವರೆಗೆ ಬೆಳ್ಳಗಾಯಿತು. ನನಗೆ ಇನ್ನು ಸುಮ್ಮನಿರಲಾಗಲಿಲ್ಲ.

"ಅಮ್ಮ, ಗಂಜಿಯದ್ದು ನಿನ್ನ ತಪ್ಪಲ್ಲ. ಅಕ್ಕಿಯಲ್ಲೂ ಉಂಟು ಅಂತ ನಾನು ಹೇಳಲೇ ಇಲ್ಲ."

ಅವಳ ಕೈ ನೀರಿನೊಳಗೇ ನಿಂತಿತು. "ನಿನ್ನ ಕಾಲೇಜಿನ ಮಕ್ಕಳಿಗೆ ಗೊತ್ತುಂಟಾ?"

"ಉಂಟು."

"ನನಗೆ ಹೇಳ್ಲಿಕ್ಕೆ ಎಂತ ಆಗಿತ್ತು?"

"ನಿನಗೆ ಅರ್ಥ ಆಗ್ಲಿಕ್ಕಿಲ್ಲ ಅಂತ ಎಣಿಸಿದೆ."

ಅವಳು ಚರಿಗೆಯಿಂದ ಕೈ ತೆಗೆದು ಕೊಡವಿದಳು. ಆಮೇಲೆ ಸೋಸುವ ಬಟ್ಟೆಯ ಒಂದು ತುದಿಯನ್ನು ನನ್ನ ಕಡೆ ಎಸೆದಳು. "ಹಿಡಿ ಮಾರಾಯ್ತಿ. ನಾರು ಇನ್ನೂ ಉಂಟು, ಮತ್ತೊಮ್ಮೆ ಸೋಸುವ. ಎಂಎಸ್ಸಿ ಮಾಡಿದವಳಿಗೆ ಬಟ್ಟೆ ಹಿಡಿಲಿಕ್ಕಾದ್ರೂ ಬರ್ತದಾ ನೋಡುವ."

ಅಂದು ಸಂಜೆಯೇ ಅಣ್ಣನಿಗೆ ಎಲ್ಲವನ್ನೂ ಹೇಳಿದೆ. ಅವನು ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು.

ಏಳನೆಯ ನೀರು ಬಾವಿಯ ನೀರಿನಷ್ಟೇ ತಿಳಿಯಾಗಿತ್ತು. ಗಟ್ಟಿಯನ್ನು ಬಿಸಿಲಿಗೆ ಒಣಗಿಸಿ ಹುಡಿ ಮಾಡಿದೆವು. ಆಸ್ಪತ್ರೆಯಲ್ಲಿ ತೃಷಾಳ ಆಹಾರ ನೋಡಿಕೊಳ್ಳುವ ಶಾಹಿದಾ ಮೇಡಂಗೆ ಫೋನ್ ಮಾಡಿ, ಸ್ಪೀಕರ್ ಹಾಕಿ ಅಮ್ಮನ ಕೈಗೇ ಕೊಟ್ಟೆ. ಅಮ್ಮ ಅಗೆದಲ್ಲಿಂದ ಒಣಗಿಸಿದಲ್ಲಿವರೆಗೆ ಒಂದೂ ಬಿಡದೆ ಹೇಳಿದಳು.

"ನೀರು, ಸಕ್ಕರೆ ಹಾಕಿ ಮಣ್ಣಿ ಮಾಡಿ ಪದ್ಮಾಕ್ಷಿಯಮ್ಮ. ಹಾಲು, ತೆಂಗಿನಹಾಲು ಬೇಡ. ಇದನ್ನು ತೂಗುವುದೂ ಬೇಡ, ಹೊಟ್ಟೆ ತುಂಬ ಕೊಡಿ. ಆಸ್ಪತ್ರೆಯ ಹುಡಿ ಕುಡಿಸುವುದನ್ನು ಮಾತ್ರ ಬಿಡಬೇಡಿ. ಮುಂದಿನ ವಾರ ರಕ್ತ ನೋಡುವ," ಎಂದರು ಮೇಡಂ.

"ಹೊಟ್ಟೆ ತುಂಬವಾ?" ಅಮ್ಮ ಎರಡು ಸಲ ಕೇಳಿದಳು.

ಮಣ್ಣಿ ಒಲೆಯ ಮೇಲೆ ಕುದಿದು ಗಟ್ಟಿಯಾಗಿ ಗಾಜಿನಂತೆ ಹೊಳೆಯಿತು. ಅಮ್ಮ ಅದನ್ನು ಬಟ್ಟಲಿಗೆ ಹಾಕಿ ಆರಿಸಿ, ಅಭ್ಯಾಸದಂತೆ ನನ್ನ ಕಡೆ ನೂಕಿದಳು. ನಾನು ಕೈ ಹಿಂದೆ ಕಟ್ಟಿಕೊಂಡೆ. ಬಾಗಿಲಲ್ಲಿ ಅಣ್ಣ ನಿಂತಿದ್ದ.

"ನೀನೇ ಕೊಡು ಅಮ್ಮ," ಎಂದ.

ಅಮ್ಮ ಬೆರಳ ತುದಿಯಲ್ಲಿ ಸ್ವಲ್ಪವೇ ತೆಗೆದು, ಊದಿ, ಮತ್ತೂ ಊದಿ, ಮಗುವಿನ ಬಾಯಿಗಿಟ್ಟಳು. ತೃಷಾ ಅದನ್ನು ನುಂಗಿ ಬಟ್ಟಲಿನೊಳಗೆ ಇಣುಕಿದಳು. ನಾಲ್ಕು ವರ್ಷದ ಮಗುವಿಗೆ ಗ್ರಾಮಿನ ಲೆಕ್ಕ ಅಷ್ಟು ಚೆನ್ನಾಗಿ ಗೊತ್ತಿತ್ತು.

"ಅಜ್ಜಿ, ಇದು ಮುಗಿದರೆ ಮತ್ತೆ ಇಲ್ವಾ?"

"ಉಂಟು ಮಗಾ," ಎಂದಳು ಅಮ್ಮ. "ಪಾತ್ರೆ ತುಂಬ ಉಂಟು."