ಅಬ್ಬಾನ ಎಡಗಡೆ

ಉಡುಪಿ ದಾಟಿ ಒಂದು ಗಂಟೆಯಾಗುವಷ್ಟರಲ್ಲಿ ತರನ್ನುಮ್‌ಗೆ ಖಾತ್ರಿಯಾಗಿಹೋಯಿತು. ಅಬ್ಬಾನ ಎಡಗಣ್ಣು ಕಾಣುತ್ತಿಲ್ಲ.

ಅನುಮಾನ ಹುಟ್ಟಿದ್ದು ಹಿಂದಿನ ದಿನ, ಶಿರಾಡಿ ಘಾಟಿ ಇಳಿದು ಚಹಾಕ್ಕೆ ನಿಂತಾಗ. ಅಂಗಡಿಯವನು ಎಡಗಡೆಯಿಂದ ಲೋಟ ಚಾಚಿದ್ದ. ಅಬ್ಬಾ ತೆಗೆದುಕೊಳ್ಳದೆ ರಸ್ತೆಯನ್ನೇ ನೋಡುತ್ತಾ ನಿಂತಿದ್ದರು. "ತಕೊಳ್ಳಿ ಮಾರಾಯ್ರೇ, ಕೈ ಸುಡ್ತದೆ" ಎಂದ ಮೇಲೆ ಕುತ್ತಿಗೆಯನ್ನು ಪೂರ್ತಿ ತಿರುಗಿಸಿ, "ಓ, ಏನೋ ಯೋಚ್ನೇಲಿದ್ದೆ" ಎಂದು ನಕ್ಕರು. ಎಲ್ಲರೂ ನಕ್ಕರು. ತರನ್ನುಮ್ ಮಾತ್ರ ಆ ಕುತ್ತಿಗೆಯನ್ನೇ ನೋಡಿದಳು.

ಈಗ ಹಿಂದಿನ ಸೀಟಿನಿಂದ ಆರು ವರ್ಷದ ಆರ್ಜೂ, ಅಣ್ಣ ಫಾಜಿಲ್‌ನ ಮಗಳು, ಒಂದು ಕಡಲೆಬೀಜವನ್ನು ತನ್ನ ದಾದಾ ಅಬ್ಬಾನ ಎಡಗೆನ್ನೆಯ ಪಕ್ಕ ಹಿಡಿದು ಸದ್ದಿಲ್ಲದೆ ಕಾಯುತ್ತಿದ್ದಳು. ಮನೆಯಲ್ಲಿ ಇದು ಅವರಿಬ್ಬರ ಆಟ. ದಾದಾ ಗಬಕ್ಕನೆ ಬೆರಳು ಕಚ್ಚುವ ಹಾಗೆ ಮಾಡಬೇಕು, ಇವಳು ಕಿರುಚಬೇಕು. ಒಂದು ಕಿಲೋಮೀಟರಿನ ಕಲ್ಲು ಹೋಯಿತು, ಇನ್ನೊಂದು ಹೋಯಿತು. ಆರ್ಜೂ ಬೇಜಾರಾಗಿ ಬೀಜವನ್ನು ತಾನೇ ತಿಂದುಬಿಟ್ಟಳು.



ವ್ಯಾನಿನಲ್ಲಿ ಆರು ಜನ. ಅಬ್ಬಾ ಖಾಜಾ ಪೀರ್, ಅಮ್ಮಿ ಹಮೀದಾ ಬೇಗಂ, ಶಿಡ್ಲಘಟ್ಟದಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ಫಾಜಿಲ್, ಅವನ ಹೆಂಡತಿ ಭಾಭಿ, ಆರ್ಜೂ, ಮತ್ತೆ ಇವಳು. ಮಕ್ಕಳಿಗೆ ಬೇಸಿಗೆ ರಜೆ. ಫಾಜಿಲ್ ಆನ್‌ಲೈನಿನಲ್ಲಿ ಎರಡು ಟೆಂಟ್ ತರಿಸಿದ್ದ. ಸಮುದ್ರದ ಪಕ್ಕ ಟೆಂಟ್ ಹಾಕಿ ಮಲಗುವ ವೀಡಿಯೋಗಳನ್ನು ಭಾಭಿ ಒಂದು ವರ್ಷದಿಂದ ಎಲ್ಲರಿಗೂ ತೋರಿಸುತ್ತಲೇ ಇದ್ದಳು. ಸಮುದ್ರದ ಊರಿನಲ್ಲಿ ಇರುವುದೆಲ್ಲ ಉಪ್ಪು ನೀರೇ ಎಂದು ಅಮ್ಮಿ ಮನೆಯಿಂದಲೇ ನಾಲ್ಕು ಕ್ಯಾನ್ ನೀರು ಹೇರಿಸಿದ್ದಳು. ವ್ಯಾನು ಅಬ್ಬಾನದೇ. ಬೆಳಿಗ್ಗೆ ಸಾದಲಿ ಕಡೆಯ ಹಳ್ಳಿಗಳಿಂದ ಮಕ್ಕಳನ್ನು ತುಂಬಿಕೊಂಡು ಸ್ಕೂಲಿಗೆ ಬಿಡುವುದು, ಆಮೇಲೆ ರೇಷ್ಮೆಗೂಡಿನ ಮೂಟೆ ಸಾಗಿಸುವುದು, ಇಪ್ಪತ್ತೆರಡು ವರ್ಷದಿಂದ ಅದೇ ಕೆಲಸ. ಮನೆಯಲ್ಲಿ ಇನ್ನು ಯಾರಿಗೂ ನಾಲ್ಕು ಚಕ್ರದ ಗಾಡಿ ಓಡಿಸಲು ಬರುವುದಿಲ್ಲ.

ಸ್ಕೂಲಿನ ಮಕ್ಕಳ ನೆನಪಾದದ್ದೇ ತರನ್ನುಮ್ ಸೀಟಿನ ಅಂಚು ಹಿಡಿದುಕೊಂಡಳು. ಜೂನ್ ಒಂದಕ್ಕೆ ಹದಿನಾಲ್ಕು ಮಕ್ಕಳು ಇದೇ ಸೀಟಿನಲ್ಲಿ ಒಬ್ಬರ ತೊಡೆಯ ಮೇಲೊಬ್ಬರು ಕೂತಿರುತ್ತಾರೆ.

"ಭಯ್ಯಾ, ನಂಗೆ ವಾಂತಿ ಬರೋ ಹಂಗಿದೆ. ಮುಂದೆ ಕೂತ್ಕೊಳ್ಳಾ?" ಎಂದಳು.

"ಅಯ್ಯೋ, ಇವಳು ಬಾಯಿಬಿಟ್ಟು ಮಾತಾಡಿದ್ಲು!" ಭಾಭಿ ಕೈತಟ್ಟಿದಳು. "ಎರಡು ದಿನಕ್ಕೆ ಮೊದಲ್ನೇ ಮಾತು. ಬರೆದಿಟ್ಕೊಳ್ರಪ್ಪಾ."

ಫಾಜಿಲ್ ಗೊಣಗುತ್ತಾ ಹಿಂದೆ ಬಂದ. ತರನ್ನುಮ್ ಅಬ್ಬಾನ ಎಡಗಡೆಯ ಸೀಟಿನಲ್ಲಿ ಕೂತಳು.

ಮರವಂತೆ ಬಂತು. ಎಡಕ್ಕೆ ರಸ್ತೆಗೆ ಅಂಟಿಕೊಂಡೇ ಸಮುದ್ರ, ಬಲಕ್ಕೆ ಹೊಳೆ. ಹಿಂದೆ ಎಲ್ಲರೂ ಒಟ್ಟಿಗೆ ಕೂಗಿಕೊಂಡರು. ಭಾಭಿ ಫೋನನ್ನು ಕಿಟಕಿಯಿಂದ ಆಚೆಗೇ ಹಿಡಿದಳು. ಕೆರೆ ತುಂಬುವುದನ್ನು ಐದಾರು ವರ್ಷಕ್ಕೊಮ್ಮೆ ನೋಡಿದ ಅಮ್ಮಿ, "ಯಾ ಅಲ್ಲಾ, ಇಷ್ಟು ನೀರನ್ನ ಯಾರೂ ಕಟ್ಟೆ ಕಟ್ಟಿ ಹಿಡೀಲಿಲ್ವಾ?" ಎಂದಳು.

"ಹೌದು ಹೌದು, ಎಷ್ಟು ಚೆನ್ನಾಗಿದೆ" ಎಂದರು ಅಬ್ಬಾ. ಅವರು ನೋಡುತ್ತಿದ್ದುದು ಬಲಗಡೆಯ ಹೊಳೆಯನ್ನು. ಮಂಗಳೂರಿನಿಂದ ಇಲ್ಲಿಯವರೆಗೆ ಸಮುದ್ರ ಅವರ ಎಡಕ್ಕೇ ಬಂದಿದೆ. ಗಾಡಿ ಓಡಿಸುವಾಗ ಅವರಿಗೆ ಅದು ಒಂದು ಹನಿಯೂ ಕಂಡಿಲ್ಲ.

ಯಾರಿಗಾದರೂ ಹೇಳಬೇಕು. ಆದರೆ ಹೇಗೆ? ಡ್ರೈವರ್ ಖಾಜಾ ಎಂದರೆ ಗೌರಿಬಿದನೂರಿನಿಂದ ಚಿಂತಾಮಣಿಯವರೆಗೆ ಒಂದು ಹೆಸರು. ಅಮ್ಮಿಗೆ ಹೇಳಿದರೆ ಈಗಲೇ ರಸ್ತೆಯಲ್ಲೇ ಎದೆ ಬಡಿದುಕೊಳ್ಳುತ್ತಾಳೆ. ಫಾಜಿಲ್‌ಗೆ ಹೇಳಿದರೆ ನಗುತ್ತಾನೆ. ಎಂಟನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು ಕಣ್ಣಿನ ಡಾಕ್ಟರಾದಳೇ ಎನ್ನುತ್ತಾನೆ. ಒಂದು ವೇಳೆ ತನ್ನದೇ ತಪ್ಪು ತಿಳುವಳಿಕೆಯಾಗಿದ್ದರೆ? ಅವಳು ಬಾಯಿ ಮುಚ್ಚಿಕೊಂಡು ಅಬ್ಬಾನ ಪಾಲಿನ ಎಡಗಡೆಯನ್ನು ತಾನೇ ನೋಡುತ್ತಾ ಕೂತಳು. ಸೈಕಲ್ಲು. ನಾಯಿ. ಬಸ್ಸಿಗೆ ಕೈ ಅಡ್ಡ ಹಿಡಿದವನು. ಪ್ರತಿಯೊಂದಕ್ಕೂ ಕಾಲಬೆರಳುಗಳು ಚಪ್ಪಲಿಯೊಳಗೆ ಮಡಚಿಕೊಳ್ಳುತ್ತಿದ್ದವು.

ಮುರ್ಡೇಶ್ವರದಲ್ಲಿ ಆರ್ಜೂ ನೀರು ಬಿಟ್ಟು ಮೇಲೆ ಬರಲೊಲ್ಲೆ ಎಂದು ಹಟ ಹಿಡಿದಿದ್ದರಿಂದ ಹೊರಡುವುದು ತಡವಾಯಿತು. ಹೊತ್ತು ಮುಳುಗಿ ರಸ್ತೆ ಬೂದು ಬಣ್ಣಕ್ಕೆ ತಿರುಗಿತ್ತು. ಎದುರಿನಿಂದ ಒಂದು ಲಾರಿ ದೀಪ ಉರಿಸಿಕೊಂಡು ಮೈಮೇಲೇ ಬರುವ ಹಾಗೆ ಬಂತು. ಅಬ್ಬಾ ಎಡಕ್ಕೆ ಸರಿಸಿದರು. ಇನ್ನೂ ಎಡಕ್ಕೆ. ಅಲ್ಲಿ, ರಸ್ತೆಯ ಅಂಚಿನಲ್ಲಿ, ಮೀನಿನ ಬುಟ್ಟಿ ಹೊತ್ತ ಒಬ್ಬ ಹೆಂಗಸು ಇವರಿಗೆ ಬೆನ್ನು ಹಾಕಿ ನಡೆಯುತ್ತಿದ್ದಳು.

ತರನ್ನುಮ್‌ಗೆ ದನಿ ಹೊರಡಲಿಲ್ಲ. ಕೈ ಹೊರಟಿತು. ಮುಂದಿನ ಡ್ಯಾಶ್‌ಬೋರ್ಡಿನ ಮೇಲೆ ಟಪ್ ಟಪ್ ಎಂದು ಎರಡು ಸಲ ಬಡಿದಳು.

ವ್ಯಾನು ಕಿರುಚಿ ನಿಂತಿತು.

ಅಬ್ಬಾ ಯೋಚಿಸಿ ತುಳಿದ ಬ್ರೇಕಲ್ಲ ಅದು. ಮೋಟಾರು ಜೋಡಿಸುವ ಮೊದಲು ಮನೆಯ ಹಿಂದಿನ ಶೆಡ್ಡಿನಲ್ಲಿ ರೇಷ್ಮೆ ಬಿಚ್ಚುವ ಚರಕವನ್ನು, ಸಂಜೆ ಗಾಡಿ ನಿಲ್ಲಿಸಿ ಬಂದು, ಅಬ್ಬಾನೇ ಕೈಯಲ್ಲಿ ತಿರುಗಿಸುತ್ತಿದ್ದರು, ಬಿಸಿನೀರಿನ ಬಾಣಲೆಯ ಮುಂದೆ ಗೂಡುಗಳ ಎಳೆ ಹಿಡಿದು ಇವಳು ಕೂರುತ್ತಿದ್ದಳು. ತಿರುಗಿಸುವವನಿಗೆ ಬಾಣಲೆ ಕಾಣುವುದಿಲ್ಲ, ಚರಕದ ಸದ್ದಿಗೆ ಮಾತು ಕೇಳುವುದಿಲ್ಲ. ಎಳೆ ಕಿತ್ತರೆ ಬಾಣಲೆಯ ಅಂಚಿಗೆ ಕಡ್ಡಿಯಿಂದ ಎರಡು ಏಟು. ಆಗ ಅಪ್ಪನೋ ಮಗಳೋ ಎಂದಿಲ್ಲ, ತಿರುಗಿಸುವವನು ನಿಲ್ಲಿಸಲೇಬೇಕು. ಆರು ವರ್ಷ ಅವಳ ಎರಡು ಏಟಿಗೆ ನಿಂತ ಮೈ ಅದು.

ಹೆಂಗಸು ತಿರುಗಿ ನೋಡಿದಳು. ವ್ಯಾನಿನ ಮೂತಿ ಅವಳ ಸೀರೆಯಿಂದ ಒಂದು ಮೊಳ ದೂರದಲ್ಲಿತ್ತು. "ಕಣ್ಣು ಕಾಣೂದಿಲ್ವ ನಿಂಗೆ?" ಎಂದು ಕೂಗಿ, ಬುಟ್ಟಿಯನ್ನು ಸರಿಮಾಡಿಕೊಂಡು ಮುಂದೆ ಹೋದಳು.

ಹಿಂದೆ ಅಮ್ಮಿಯ ತಲೆ ಸೀಟಿಗೆ ಬಡಿದಿತ್ತು. "ಏನ್ರೀ ಇದು, ಗೂಡಿನ ಮೂಟೆ ಅಂದ್ಕೊಂಡ್ರಾ ನಮ್ಮನ್ನ?"

"ಲಾರಿಯವನು ಬಂದ್ಬಿಟ್ಟ" ಎಂದರು ಅಬ್ಬಾ. ಹೇಳುತ್ತಲೇ ಕುತ್ತಿಗೆ ತಿರುಗಿಸಿ ಮಗಳನ್ನು ನೋಡಿದರು. ಇವಳಿಗೆ ಗೊತ್ತಾಗಿದೆ ಎಂದು ಅವರಿಗೂ ಗೊತ್ತಾಯಿತು.

ಹೊನ್ನಾವರದ ಹತ್ತಿರ ಗಾಳಿಮರಗಳ ತೋಪಿನ ಪಕ್ಕ ಟೆಂಟ್ ಹಾಕಿದರು. ಫಾಜಿಲ್ ಮೊಳೆಗಳನ್ನು ಮರಳಿಗೆ ಹೊಡೆದಷ್ಟೂ ಅವು ಕಿತ್ತುಬರುತ್ತಿದ್ದವು. "ನಮ್ಮೂರ ಬಂಡೆ ಮೇಲಾದ್ರೂ ನಿಲ್ತಿತ್ತೇನೋ" ಎಂದು ಭಾಭಿ ಹಂಗಿಸಿದಳು. ಅಮ್ಮಿ ಸಣ್ಣ ಗ್ಯಾಸಿನ ಮೇಲೆ ಖಿಚಡಿಗೆ ಇಟ್ಟಳು. ಆ ಗದ್ದಲದಲ್ಲಿ ಅಬ್ಬಾ ಪಾತ್ರೆ ತೊಳೆಯುವ ಕಡೆಗೆ ಬಂದು ತರನ್ನುಮ್‌ಳ ಪಕ್ಕ ಕುಕ್ಕುರುಗಾಲಲ್ಲಿ ಕೂತರು.

"ಯಾರಿಗಾದ್ರೂ ಹೇಳಿದ್ಯಾ?"

ಇಲ್ಲವೆಂದು ತಲೆಯಾಡಿಸಿದಳು.

"ಐದು ತಿಂಗಳಾಯ್ತು. ಮೊದಲು ಹೊಗೆ ತುಂಬಿದಂಗಿತ್ತು, ಆಮೇಲೆ ಪೂರ್ತಿ ಹೋಯ್ತು. ಚಿಂತಾಮಣೀಲಿ ತೋರಿಸ್ದೆ. ನರ ಒಣಗಿದೆ, ವಾಪಸ್ ಬರಲ್ಲ, ಗಾಡಿ ಮುಟ್ಬೇಡಿ ಅಂದ್ರು."

"ಮತ್ತೆ ಇಷ್ಟು ದೂರ ಯಾಕೆ ಒಪ್ಕೊಂಡ್ರಿ ಅಬ್ಬಾ?"

"ಒಲ್ಲೆ ಅಂದಿದ್ರೆ ಯಾಕೆ ಅಂತ ಕೇಳ್ತಿದ್ರಲ್ಲಮ್ಮ." ಅವರು ಮರಳನ್ನು ಹಿಡಿಯಲ್ಲಿ ಎತ್ತಿ ಬಿಟ್ಟರು. "ನೋಡು, ನಾಳೆ ಘಾಟು ಹತ್ಬೇಕು. ನೀನು ಇವತ್ತಿನಂಗೇ ಪಕ್ಕದಲ್ಲಿ ಕೂತ್ಕೊಂಡು ತಟ್ತಾ ಇರು. ಹಂಗೇ ಊರು ಸೇರ್ಕೊಂಡ್ಬಿಡಣ. ಊರಲ್ಲಿ ನಂಗೆ ಕಣ್ಣೇ ಬೇಡ. ದಿಬ್ಬೂರಹಳ್ಳಿ ರೋಡಲ್ಲಿ, ಸಾದಲಿ ರೋಡಲ್ಲಿ ಒಂದೊಂದು ಹುಣಸೆಮರಾನೂ ನನಗೆ ಗೊತ್ತು."

ಮರಗಳು ಇದ್ದಲ್ಲೇ ಇರುತ್ತವೆ, ಮಕ್ಕಳು ಇರುತ್ತಾರಾ ಎಂಬ ಮಾತು ತರನ್ನುಮ್‌ಳ ನಾಲಿಗೆಯ ತುದಿಯವರೆಗೆ ಬಂತು. ಆದರೆ ಅಬ್ಬಾ ಅವಳನ್ನು ಹಾಗೆ ಬೇಡಿಕೊಂಡದ್ದು ಇದೇ ಮೊದಲು. ಅವಳು ಹೂಂ ಎಂದುಬಿಟ್ಟಳು.

ರಾತ್ರಿ ಟೆಂಟಿನೊಳಗೆ ಅವಳು ಎಚ್ಚರವಾಗೇ ಇದ್ದಳು. ಮಗ್ಗುಲಲ್ಲಿ ಆರ್ಜೂ ಬಾಯಿ ತೆರೆದು ಮಲಗಿದ್ದಳು. ತಿರುವುಗಳಲ್ಲಿ ಎಷ್ಟು ಸಲ ತಟ್ಟಬೇಕು? ಒಂದು ಸಲ ತಾನು ಕಣ್ಣು ಮಿಟುಕಿಸಿದರೆ?

ಬೆಳಿಗ್ಗೆ ಟೆಂಟ್ ಮಡಚಿ, ಎಲ್ಲ ಹೇರಿ ಆಯಿತು. ಗೇರುಸೊಪ್ಪೆ ಘಾಟಿ ಹತ್ತಿ ಜೋಗ ನೋಡಿಕೊಂಡು ಮನೆಗೆ ಎಂದು ಮಾತಾಗಿತ್ತು.

"ಮೇ ತಿಂಗಳಲ್ಲಿ ಜೋಗದಲ್ಲಿ ಏನಿರುತ್ತೇ, ಬರೀ ಬಂಡೆ" ಎಂದ ಫಾಜಿಲ್.

"ಇರ್ಲಿ ಬಿಡಿ, ಬಂಡೆ ನೋಡಿದ್ರೆ ನಿಮ್ಮಮ್ಮಿಗೆ ಊರಿಗೆ ಬಂದಂಗಾಗುತ್ತೆ" ಎಂದಳು ಭಾಭಿ.

ಅಷ್ಟರಲ್ಲಿ ಆರ್ಜೂ ಮುಂದಿನ ಸೀಟಿಗೆ ಹತ್ತಿ ಕೂತಿದ್ದಳು. "ಇವತ್ತು ಮುಂದೆ ನಾನು! ಫುಫು ನಿನ್ನೆ ಕೂತಿದ್ಲು!"

"ಇಳಿಯಮ್ಮ, ಅಲ್ಲಿ ಫುಫು ಕೂತ್ಕೊಳ್ಲಿ" ಎಂದರು ಅಬ್ಬಾ. ಅವರು ಆಗಲೇ ಇಂಜಿನ್ ಚಾಲೂ ಮಾಡಿದ್ದರು.

"ಯಾಕೆ, ಅವಳೇನು ಲೈಸೆನ್ಸ್ ಮಾಡಿಸ್ಕೊಂಡಿದ್ದಾಳಾ?" ಭಾಭಿ ನಕ್ಕಳು. "ಮಗು ಘಾಟು ನೋಡ್ಲಿ ಮಾಮೂ. ತರನ್ನುಮ್, ಬಾರೇ ಹಿಂದೆ."

ಅಬ್ಬಾ ಇನ್ನೊಂದು ಮಾತಾಡಿದರೆ ಕಾರಣ ಹೇಳಬೇಕಾಗುತ್ತಿತ್ತು. ಅವರು ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡೇ, ತಟ್ಟುವವರಿಲ್ಲದೆ, ಹೊರಡಲು ಗೇರಿಗೆ ಕೈ ಹಾಕಿದರು.

ತರನ್ನುಮ್ ಬಾಗಿಲ ಹತ್ತಿರ ನಿಂತೇ ಇದ್ದಳು.

"ಹತ್ತೇ, ಬಿಸಿಲಾಗುತ್ತೆ" ಎಂದಳು ಅಮ್ಮಿ.

"ನಾನು ಹತ್ತಲ್ಲ."

ಇಂಜಿನ್ನಿನ ಸದ್ದಿಗೆ, ಅಲೆಗಳ ಸದ್ದಿಗೆ ಯಾರಿಗೂ ಕೇಳಿಸಲಿಲ್ಲ. ಅವಳು ಇನ್ನೊಮ್ಮೆ ಹೇಳಿದಳು. ಈ ಸಲ ದನಿ ಅವಳದಲ್ಲವೆಂಬಷ್ಟು ದೊಡ್ಡದಾಗಿತ್ತು.

"ನಾನು ಹತ್ತಲ್ಲ. ಯಾರೂ ಹತ್ತಬೇಡಿ. ಅಬ್ಬಾಗೆ ಎಡಗಣ್ಣು ಕಾಣಲ್ಲ."

ಯಾರಾದರೂ ಏನಾದರೂ ಕೇಳುವ ಮೊದಲೇ ಅಮ್ಮಿ ಇಳಿದು, ಬುರ್ಖಾದ ಅಂಚು ಎತ್ತಿ ಹಿಡಿದು, ವ್ಯಾನಿನ ಮುಂಭಾಗಕ್ಕೆ ಸುತ್ತಿ ಬಂದು ಆರ್ಜೂಳನ್ನು ಕಂಕುಳಿಗೆ ಕೈಹಾಕಿ ಕೆಳಗಿಳಿಸಿದಳು. ಮಗು ಕಾಲು ಬಡಿಯಿತು. ಅಮ್ಮಿ ಬಿಡಲಿಲ್ಲ. ಆಮೇಲೆ ಕೇಳಿದಳು. "ಹೌದೇನ್ರೀ?"

"ಇವಳಿಗೇನು ಗೊತ್ತು!" ಅಬ್ಬಾನ ಮುಖ ಕೆಂಪಾಗಿತ್ತು. "ಎಂಟನೇ ಕ್ಲಾಸೂ ಮುಗಿಸ್ಲಿಲ್ಲ, ನಂಗೆ ಗಾಡಿ ಓಡಿಸೋದು ಹೇಳ್ಕೊಡ್ತಾಳೆ!"

ಎಂಟನೇ ಕ್ಲಾಸು ಬಿಡಿಸಿ ಬಾಣಲೆಯ ಮುಂದೆ ಕೂರಿಸಿದವರು ಅವರೇ. ತರನ್ನುಮ್‌ಳ ಕಣ್ಣು ತುಂಬಿಬಂತು. ಆದರೂ ಬಾಗಿಲ ಮೇಲಿಟ್ಟ ಕೈ ತೆಗೆಯಲಿಲ್ಲ.

ಫಾಜಿಲ್ ಎಡಗಡೆಯ ಕಿಟಕಿಯಲ್ಲಿ ಕೈ ತೂರಿಸಿ ಬೆರಳೆತ್ತಿದ. "ಅಬ್ಬಾ, ಮುಂದೆ ನೋಡ್ಕೊಂಡೇ ಹೇಳಿ. ಇದೆಷ್ಟು?"

ತರನ್ನುಮ್ ಅಣ್ಣನ ಕೈಯನ್ನು ಹಿಡಿದು ಕೆಳಗೆಳೆದಳು. "ಪರೀಕ್ಷೆ ಮಾಡ್ಬೇಡ ಭಯ್ಯಾ! ಮಕ್ಕಳಾಟಾನಾ ಇದು? ಕೇಳು, ಅವರೇ ಹೇಳ್ತಾರೆ."

ಫಾಜಿಲ್ ಕೈ ಹಿಂದಕ್ಕೆ ತೆಗೆದುಕೊಂಡ. ತಂಗಿ ಅವನ ಕೈ ಹಿಡಿದೆಳೆದದ್ದು ಹುಟ್ಟಿದಾಗಿನಿಂದ ಇದೇ ಮೊದಲು. ಭಾಭಿ ಫೋನನ್ನು ಮೆಲ್ಲಗೆ ಕೆಳಗಿಳಿಸಿದಳು.

ಅಬ್ಬಾ ಸ್ಟೀರಿಂಗಿನ ಮೇಲೆ ಎರಡೂ ಕೈಯಿಟ್ಟರು. ಆಮೇಲೆ ಇಂಜಿನ್ ಆರಿಸಿದರು. ಕೀಲಿಯನ್ನು ಅಲ್ಲೇ ಬಿಟ್ಟು ಇಳಿದು, ಯಾರ ಮುಖವನ್ನೂ ನೋಡದೆ ಗಾಳಿಮರಗಳ ಆಚೆಗೆ ನಡೆದರು.

"ಹೋಗೇ, ಜೊತೆಗೆ ಹೋಗು" ಎಂದಳು ಅಮ್ಮಿ, ಪಿಸುಮಾತಿನಲ್ಲಿ.

ತರನ್ನುಮ್ ಹತ್ತು ಹೆಜ್ಜೆ ಹಿಂದೆ ನಿಂತಳು. ಅಬ್ಬಾ ಫೋನ್ ಕಿವಿಗಿಟ್ಟಿದ್ದರು. ಆ ಕಡೆ ದಿಬ್ಬೂರಹಳ್ಳಿಯ ಮುನೇಶ್, ಅವರ ಜೊತೆಯ ಡ್ರೈವರು. ಅವನ ಗಂಟಲು ದೊಡ್ಡದು, ಇಲ್ಲಿಯವರೆಗೂ ಕೇಳಿಸುತ್ತಿತ್ತು.

"ಏನಣ್ಣಾ, ಸಮುದ್ರ ಕುಡ್ಕೊಂಡು ಬರ್ತೀರೋ ಹೆಂಗೆ?"

"ಮುನೇಶಾ, ಒಂದು ಸ್ವಲ್ಪ ಹೊನ್ನಾವರಕ್ಕೆ ಬರಬೇಕಲ್ಲಪ್ಪ. ಗಾಡಿ..." ಅಬ್ಬಾ ನಿಲ್ಲಿಸಿದರು.

"ಗಾಡಿಗೇನಾಯ್ತಣ್ಣಾ? ಕ್ಲಚ್ಚಾ?"

ತರನ್ನುಮ್ ಒಂದು ಹೆಜ್ಜೆ ಮುಂದಿಟ್ಟಳು. ಕ್ಲಚ್ ಎಂದುಬಿಟ್ಟರೆ ಇವತ್ತಿಗೆ ಮುಗಿಯುತ್ತದೆ. ಊರಿನವರೆಗೆ ಮುನೇಶ್ ಓಡಿಸುತ್ತಾನೆ. ಜೂನ್ ಒಂದಕ್ಕೆ ಕ್ಲಚ್ ರಿಪೇರಿಯಾಗಿರುತ್ತದೆ. ಆಗ ಯಾವ ಬಾಗಿಲಿಗೆ ಅಡ್ಡ ನಿಲ್ಲುವುದು?

"ಗಾಡಿಗೇನೂ ಆಗಿಲ್ಲ ಕಣೋ" ಎಂದರು ಅಬ್ಬಾ ಕಡೆಗೆ. "ನಂಗೇ ಕಣ್ಣು ಕಾಣ್ತಿಲ್ಲ. ಎಡಗಡೇದು."

ಮುನೇಶ್‌ನ ದನಿ ಸಣ್ಣದಾಯಿತು, ಆದರೂ ಕೇಳಿಸುತ್ತಿತ್ತು. "ಇವತ್ತೇ ಬಸ್ ಹತ್ತೀನಿ ಅಣ್ಣಾ. ನಾಳೆ ಬೆಳಿಗ್ಗೆ ಅಲ್ಲಿರ್ತೀನಿ. ನೀವು ಗಾಡಿ ತೆಗೀಬೇಡಿ."

"ಸ್ಕೂಲ್ ಮಕ್ಕಳದ್ದೂ ಇನ್ಮೇಲೆ ನೀನೇ ನೋಡ್ಕೋಬೇಕಾಗುತ್ತೆ."

"ಅದೆಲ್ಲ ಊರಿಗೆ ಬಂದು ಮಾತಾಡಣ ಅಣ್ಣಾ."

ಅಬ್ಬಾ ಫೋನ್ ಜೇಬಿಗಿಟ್ಟು ತಿರುಗಿದರು. ಮಗಳು ನಿಂತಿರುವುದು ಅವರಿಗೆ ಮೊದಲೇ ಗೊತ್ತಿದ್ದಂತಿತ್ತು.

"ಸಮಾಧಾನ ಆಯ್ತಾ ನಿಂಗೆ?"

"ಇಲ್ಲ ಅಬ್ಬಾ."

ಅದು ನಿಜ. ಆಗಿರಲಿಲ್ಲ. ಇನ್ನು ಮೇಲೆ ಬೆಳಿಗ್ಗೆ ಎದ್ದು ಈ ಮನುಷ್ಯ ಎಲ್ಲಿಗೆ ಹೋಗುತ್ತಾರೆ, ಮನೆಯ ಮುಂದೆ ನಿಂತ ವ್ಯಾನನ್ನು ಹೇಗೆ ನೋಡುತ್ತಾರೆ ಎಂಬುದು ಅವಳ ಎದೆಯಲ್ಲಿ ಹೊಸದಾಗಿ ಬಡಿದುಕೊಳ್ಳತೊಡಗಿತ್ತು.

ಅಬ್ಬಾ ವ್ಯಾನಿನ ಕಡೆ ನೋಡಿದರು. ಆಚೆ ಅಮ್ಮಿ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಇತ್ತಲೇ ನೋಡುತ್ತಾ ನಿಂತಿದ್ದಳು.

"ಚಿಂತಾಮಣಿ ಡಾಕ್ಟ್ರು ಹೇಳಿದ್ದು ಅವಳಿಗೆ ಗೊತ್ತಿಲ್ಲ" ಎಂದರು. "ವಾಪಸ್ ಬರಲ್ಲ ಅನ್ನೋದು. ಅದನ್ನ ನಾನೇ ಹೇಳ್ತೀನಿ. ನೀನು ಇಲ್ಲೇ ಇರು."

ಅವರು ಮರಳಿನಲ್ಲಿ ಕಾಲು ಎತ್ತಿ ಎತ್ತಿ ಇಡುತ್ತಾ ಅಮ್ಮಿಯ ಕಡೆಗೆ ಹೋದರು. ತರನ್ನುಮ್ ಹೇಳಿದಲ್ಲೇ ನಿಂತು, ಅಮ್ಮಿಯ ಮುಖ ಬದಲಾಗುವುದನ್ನೇ ಕಾಯತೊಡಗಿದಳು.